ಚಳಿಗಿಟ್ಟ ಇಲಿಯಲ್ಲಿ ಯುಸಿಪಿ1 ಎಂಆರ್‌ಎನ್‌ಎ ಗಗನಕ್ಕೇರಿದೆ, ಪ್ರೋಟೀನ್ ಮಾತ್ರ ಅಲ್ಲಾಡಿಲ್ಲ. ಯಾಕೆ?

ಚಳಿಯಿಲಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷ, ಕೆಲಸ ಮೈಬಿಸಿಗಾಗಿ ಉರಿಯುವ ಕಂದು ಕೊಬ್ಬಿನ ಮೇಲೆ. ಪ್ರಯೋಗ ತೀರಾ ಸರಳ. ಒಂದು ಗುಂಪು ಇಲಿಗಳು ಮಾಮೂಲಿನಂತೆ 22 ಡಿಗ್ರಿಯಲ್ಲಿ, ಇನ್ನೊಂದು ಗುಂಪು 4 ಡಿಗ್ರಿಯ ಕೋಣೆಯಲ್ಲಿ ಆರು ಗಂಟೆ. ಆಮೇಲೆ ಹೆಗಲ ಮೂಳೆಗಳ ನಡುವಿನ ಕಂದು ಕೊಬ್ಬನ್ನು ತೆಗೆದು ಯುಸಿಪಿ1, ಅಂದರೆ ಅಲ್ಲಿ ಶಾಖ ಹುಟ್ಟಿಸುವ ಪ್ರೋಟೀನ್, ಎಷ್ಟಿದೆ ಎಂದು ನೋಡುವುದು.

ಎಂಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಜೀನಿನಿಂದ ತೆಗೆದ ನಕಲು) ನೋಡಿದರೆ ಭರ್ಜರಿ ಏರಿಕೆ. ಖುಷಿಯಿಂದ ಅದೇ ಅಂಗಾಂಶದ ವೆಸ್ಟರ್ನ್ ಬ್ಲಾಟ್ (ಪ್ರತಿಕಾಯ ಬಳಸಿ ಪ್ರೋಟೀನ್ ಎಷ್ಟಿದೆ ಎಂದು ಪಟ್ಟಿಯಾಗಿ ನೋಡುವುದು) ಮಾಡಿದೆ. ಎರಡೂ ಗುಂಪಿನ ಪಟ್ಟಿ ಒಂದೇ ದಪ್ಪ! ಮೂರು ಸಲ ಮಾಡಿದೆ, ಪ್ರತಿಕಾಯ ಬದಲಿಸಿಯೂ ನೋಡಿದೆ. ಸೀನಿಯರ್ ಒಬ್ಬರು "ನಿನ್ನ ಕೈಗುಣ" ಅಂದುಬಿಟ್ಟರು.

ನನ್ನ ತಲೆ ಕೊರೆಯುತ್ತಿರುವುದು ಬೇರೆ. ಇಲಿಗಳು ಆ ಆರು ಗಂಟೆಯೂ ಮೈಬಿಸಿ ಬಿಡದೆ ಚೆನ್ನಾಗಿಯೇ ಇದ್ದವು. ಪ್ರೋಟೀನ್ ಹೆಚ್ಚಾಗದೆ ಶಾಖ ಎಲ್ಲಿಂದ ಬಂತು? ಪಠ್ಯಪುಸ್ತಕದಲ್ಲಿ "ಚಳಿ ಯುಸಿಪಿ1 ಅನ್ನು ಹೆಚ್ಚಿಸುತ್ತದೆ, ಅದರಿಂದ ಶಾಖ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ.

---

ಪೊರೆಪಂಡಿತ ಬರೆದದ್ದು:

ನಿಮ್ಮ ಕೈ ಸರಿಯಾಗಿಯೇ ಇದೆ. ಆರು ಗಂಟೆಗೆ ಪ್ರೋಟೀನ್ ದುಪ್ಪಟ್ಟಾಗಿದೆ ಎಂದು ನೀವು ಬರೆದಿದ್ದರೆ ನಾನು ಅನುಮಾನಪಡುತ್ತಿದ್ದೆ.

ಆ ಒಂದು ಸಾಲು ಎರಡು ಬೇರೆ ಬೇರೆ ಸಂಗತಿಗಳನ್ನು ಗಂಟು ಹಾಕಿದೆ. ಒಂದು, ಇರುವ ಪ್ರೋಟೀನನ್ನು ಚಾಲೂ ಮಾಡುವುದು. ಇನ್ನೊಂದು, ಹೊಸ ಪ್ರೋಟೀನನ್ನು ಕಟ್ಟುವುದು. ಮೊದಲನೆಯದಕ್ಕೆ ನಿಮಿಷ ಸಾಕು, ಎರಡನೆಯದಕ್ಕೆ ವಾರಗಳು ಬೇಕು. ಆರು ಗಂಟೆಯಲ್ಲಿ ನೀವು ನೋಡಿದ್ದು ಮೊದಲನೆಯದು ಪೂರ್ತಿ ನಡೆಯುತ್ತಿರುವುದನ್ನು, ಎರಡನೆಯದಕ್ಕೆ ಬರೀ ಆದೇಶ ಹೊರಟಿರುವುದನ್ನು.

ಕೆರೆಯ ಲೆಕ್ಕದಲ್ಲಿ ಹೇಳುತ್ತೇನೆ. ಕೋಶದೊಳಗೆ ಇಂಧನ ಉರಿಯುವ ಒಲೆಯಾದ ಮೈಟೊಕಾಂಡ್ರಿಯದ ಒಳಪೊರೆ ಒಂದು ಏರಿ. ಉಸಿರಾಟದ ಸರಪಳಿ, ಅಂದರೆ ಆ ಪೊರೆಯಲ್ಲಿ ಇಂಧನ ಉರಿಸುವ ಪ್ರೋಟೀನುಗಳ ಸಾಲು, ಪ್ರೋಟಾನುಗಳನ್ನು ಎತ್ತಿ ಎತ್ತಿ ಏರಿಯ ಆಚೆಗೆ ಸುರಿಯುತ್ತದೆ. ಬೇರೆ ಜೀವಕೋಶಗಳಲ್ಲಿ ಆ ಪ್ರೋಟಾನುಗಳು ಎಟಿಪಿ ಸಿಂಥೇಸ್ ಎಂಬ ಗಿರಣಿಯ ಮೂಲಕವೇ ಇಳಿಯಬೇಕು, ಇಳಿಯುತ್ತಾ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಅರೆಯಬೇಕು. ಯುಸಿಪಿ1 ಅದೇ ಏರಿಯಲ್ಲಿರುವ ತೂಬು. ಅದು ತೆರೆದರೆ ಪ್ರೋಟಾನುಗಳು ಗಿರಣಿ ತಿರುಗಿಸದೆ ಸುಮ್ಮನೆ ಹರಿದುಬಿಡುತ್ತವೆ. ಏರಿಯ ಮೇಲಿನ ಒತ್ತಡ ಇಳಿದ ಕೂಡಲೇ ಸರಪಳಿ ತಡೆಯಿಲ್ಲದೆ ಓಡುತ್ತದೆ, ಇಂಧನ ಉರಿಯುತ್ತದೆ, ಎಲ್ಲವೂ ಶಾಖವಾಗುತ್ತದೆ. ಕಂದು ಕೊಬ್ಬಿನ ಮೈಟೊಕಾಂಡ್ರಿಯಗಳಲ್ಲಿ ಉಸಿರಾಟದ ಸರಪಳಿ ದಂಡಿಯಾಗಿದೆ, ಎಟಿಪಿ ಸಿಂಥೇಸ್ ಮಾತ್ರ ಬಹಳ ಕಡಿಮೆ. ಗಿರಣಿ ಇಲ್ಲದ ಕೆರೆ. ಅಂದರೆ ಈ ಕೋಶ ಹುಟ್ಟಿರುವುದೇ ಸೋರುವುದಕ್ಕೆ.

ಆದರೆ ತೂಬು ಸದಾ ತೆರೆದಿದ್ದರೆ ಕೋಶ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೊಂದು ಬೀಗ ಇದೆ: ಎಟಿಪಿ, ಜಿಡಿಪಿಯಂಥ ಪ್ಯೂರಿನ್ ನ್ಯೂಕ್ಲಿಯೊಟೈಡುಗಳು. ಕೋಶದೊಳಗೆ ಎಟಿಪಿ ಯಾವಾಗಲೂ ತುಂಬಿರುವುದರಿಂದ ಬೀಗ ಬಿದ್ದಿರುವುದೇ ಸಹಜ ಸ್ಥಿತಿ. ತೆರೆಯುವ ಕೀಲಿ ಉದ್ದ ಸರಪಳಿಯ ಕೊಬ್ಬಿನಾಮ್ಲ. ಚಳಿ ತಗಲಿದಾಗ ಸಿಂಪಥೆಟಿಕ್ ನರದ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ಸಂದೇಶವಾಹಕ ಸುರಿಯುತ್ತದೆ, ಕೋಶದ ಮೇಲಿನ ಬೀಟಾ-3 ಗ್ರಾಹಕವನ್ನು ತಟ್ಟುತ್ತದೆ, ಒಳಗೆ ಸುದ್ದಿ ಒಯ್ಯುವ ಸೈಕ್ಲಿಕ್ ಎಎಂಪಿ ಏರುತ್ತದೆ, ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ, ಕೊಬ್ಬಿನ ಹನಿಯಿಂದ ಲೈಪೇಸ್ ಕಿಣ್ವಗಳು ಕೊಬ್ಬಿನಾಮ್ಲ ಬಿಡಿಸುತ್ತವೆ. ಸೊಗಸು ಎಂದರೆ ಉರಿಯುವ ಸೌದೆಯೂ ಅದೇ, ಬೀಗದ ಕೀಲಿಯೂ ಅದೇ. ಇದಕ್ಕೆ ಒಂದೇ ಒಂದು ಜೀನ್ ಕೂಡ ಮಿಸುಕಬೇಕಿಲ್ಲ.

22 ಡಿಗ್ರಿಯಲ್ಲಿ ಬೆಳೆದ ಇಲಿಯ ಬಳಿ ಯುಸಿಪಿ1 ದಾಸ್ತಾನು ಆಗಲೇ ಇತ್ತು. ಅದನ್ನು ತೆರೆದು, ಸಾಲದ್ದಕ್ಕೆ ಸ್ನಾಯು ನಡುಗಿಸಿ, ಆರು ಗಂಟೆ ಕಳೆದಿದೆ. ನಡುಗುತ್ತಿದ್ದವೋ ಇಲ್ಲವೋ ನೋಡಿದಿರಾ?

---

ಚಳಿಯಿಲಿ:

ನಡುಗುತ್ತಿದ್ದವು ಸರ್! ನೋಟ್‌ಬುಕ್‌ನಲ್ಲಿ ಬರೆದೂ ಇಟ್ಟಿದ್ದೇನೆ, ಮುಖ್ಯ ಅನ್ನಿಸಿರಲಿಲ್ಲ.

ಹಾಗಾದರೆ ಇನ್ನೊಂದು ಪ್ರಶ್ನೆ. ದಾಸ್ತಾನು ಇದ್ದೇ ಇದ್ದರೆ ಜೀನ್ ಯಾಕೆ ಅಷ್ಟು ಅವಸರಪಡುತ್ತದೆ?

---

ಕೋಶಕುತೂಹಲ ಬರೆದದ್ದು:

ನಡುಕ ಬಾಳುವ ದಾರಿಯಲ್ಲ, ಅದಕ್ಕೆ. ನಡುಗುತ್ತಾ ತಿನ್ನುವುದು, ಮಲಗುವುದು, ಓಡುವುದು ಯಾವುದೂ ಸರಿಯಾಗಿ ಆಗುವುದಿಲ್ಲ. ಕಳೆದ ಶತಮಾನದ ಮಧ್ಯದಲ್ಲೇ ರ್‍ಯಾಟ್‌ಗಳಲ್ಲಿ (ನಿನ್ನ ಇಲಿಯ ದೊಡ್ಡ ನೆಂಟ) ಇದನ್ನು ಕಂಡಿದ್ದರು: ಚಳಿಯಲ್ಲಿಟ್ಟರೆ ಮೊದಮೊದಲು ಜೋರು ನಡುಕ, ಕೆಲವು ವಾರಗಳಲ್ಲಿ ನಡುಕ ಕರಗುತ್ತದೆ, ಆದರೆ ಆಮ್ಲಜನಕದ ಬಳಕೆ ಮೇಲೆಯೇ ಉಳಿಯುತ್ತದೆ. ಸ್ನಾಯು ಬಿಟ್ಟ ಕೆಲಸವನ್ನು ಯಾರೋ ವಹಿಸಿಕೊಂಡಿದ್ದಾರೆ ಎಂದಾಯಿತಲ್ಲ? ಆ ಯಾರೋ ಯಾರು ಎಂದು ಹುಡುಕಿ ಹೋದವರು ಬಹುಕಾಲ ಸ್ನಾಯುವನ್ನೇ, ಯಕೃತ್ತನ್ನೇ ಕೆದಕಿದರು. ಪ್ರಾಣಿಯ ತೂಕದಲ್ಲಿ ಶೇಕಡಾ ಒಂದೆರಡು ಪಾಲೂ ಇಲ್ಲದ ಕೊಬ್ಬಿನ ತುಣುಕು ಅಷ್ಟು ಶಾಖ ಕೊಡುತ್ತದೆಂದು ನಂಬುವುದು ಕಷ್ಟವೇ. 1978ರಲ್ಲಿ ಫಾಸ್ಟರ್ ಮತ್ತು ಫ್ರೈಡ್‌ಮನ್ ವಿಕಿರಣಶೀಲ ಸೂಕ್ಷ್ಮಗೋಲಗಳಿಂದ ರಕ್ತದ ಹರಿವನ್ನು ಅಳೆದು, ಚಳಿಗೆ ಒಗ್ಗಿದ ರ್‍ಯಾಟ್‌ನಲ್ಲಿ ನಡುಕವಿಲ್ಲದ ಶಾಖದ ಮುಖ್ಯ ತಾಣ ಕಂದು ಕೊಬ್ಬೇ ಎಂದು ತೋರಿಸಿದ ಮೇಲೆ ವಾದ ತಣ್ಣಗಾಯಿತು.

ಈಗ ಜೀನಿನ ವಿಷಯ. ಪ್ರಾಣಿಯನ್ನು ಚಳಿಗೆ ಸರಿಸಿದ ಅರ್ಧ ಗಂಟೆಯೊಳಗೇ ಯುಸಿಪಿ1 ಜೀನಿನ ನಕಲು ತೆಗೆಯುವ ಕೆಲಸ ಚುರುಕಾಗುತ್ತದೆ. ಪೊರೆಪಂಡಿತರು ಹೇಳಿದ ಅದೇ ಪ್ರೋಟೀನ್ ಕೈನೇಸ್ ಎ ಇಲ್ಲಿ ಇನ್ನೊಂದು ಕವಲು ಹಿಡಿಯುತ್ತದೆ. ಒಂದು ಕಡೆ ಸಿಆರ್‌ಇಬಿ, ಇನ್ನೊಂದು ಕಡೆ ಪಿ38 ಕೈನೇಸ್, ಅದರ ಮೂಲಕ ಎಟಿಎಫ್2. ಸಿಆರ್‌ಇಬಿ, ಎಟಿಎಫ್2 ಎರಡೂ ಡಿಎನ್‌ಎ ಮೇಲೆ ಕೂತು ಜೀನ್ ಚಾಲೂ ಮಾಡುವ ಪ್ರೋಟೀನುಗಳು. ಜೀನಿನ ಆರಂಭದಿಂದ ಸುಮಾರು ಎರಡೂವರೆ ಸಾವಿರ ಬೇಸ್ ಮೇಲ್ಗಡೆ ಜೀನಿನ ಕೆಲಸವನ್ನು ಜೋರು ಮಾಡುವ ಒಂದು ಚಿಕ್ಕ ವರ್ಧಕ ತುಣುಕಿದೆ. ಸೈಕ್ಲಿಕ್ ಎಎಂಪಿಯ ಸುದ್ದಿ ತರುವವರು, ಥೈರಾಯ್ಡ್ ಗ್ರಾಹಕ, ಪಿಪಿಎಆರ್ ಕುಟುಂಬದ ಗ್ರಾಹಕಗಳು, ರೆಟಿನಾಯಿಕ್ ಆಮ್ಲದ ಗ್ರಾಹಕ, ಎಲ್ಲರೂ ಅಲ್ಲಿ ಒತ್ತೊತ್ತಾಗಿ ಕೂರುತ್ತಾರೆ. ಒಬ್ಬರೇ ಬಂದರೆ ಸಾಲದು, ಪಂಚಾಯ್ತಿ ಸೇರಿದರೇ ತೀರ್ಮಾನ.

ಆ ಪಂಚಾಯ್ತಿಗೆ ಬಲ ತುಂಬುವುದು ಪಿಜಿಸಿ-1 ಆಲ್ಫಾ. 1998ರಲ್ಲಿ ಸ್ಪೀಗೆಲ್‌ಮನ್ ಅವರ ತಂಡ ಅದನ್ನು ಕಂಡುಹಿಡಿದದ್ದೇ ಕಂದು ಕೊಬ್ಬಿನಲ್ಲಿ, ಚಳಿಗೆ ಏರುವ ಸಹಚಾಲಕವಾಗಿ. ಅದು ಯುಸಿಪಿ1 ಒಂದನ್ನೇ ನೋಡಿಕೊಳ್ಳುವುದಿಲ್ಲ, ಮೈಟೊಕಾಂಡ್ರಿಯಗಳನ್ನೇ ಹೆಚ್ಚಿಸುವ ಇಡೀ ಕಾರ್ಯಕ್ರಮವನ್ನು ಎಬ್ಬಿಸುತ್ತದೆ. ಏರಿಯೇ ಇಲ್ಲದೆ ತೂಬು ಕಟ್ಟಿ ಏನು ಪ್ರಯೋಜನ?

ನನಗೆ ಬಹಳ ಇಷ್ಟವಾದ ಭಾಗ ಥೈರಾಯ್ಡ್. ರಕ್ತದಲ್ಲಿ ತಿರುಗುವುದು ಹೆಚ್ಚಾಗಿ ಟಿ4, ಕೆಲಸ ಮಾಡುವ ರೂಪ ಟಿ3. ಕಂದು ಕೊಬ್ಬು ಇಡೀ ದೇಹದ ಟಿ3 ಏರಲಿ ಎಂದು ಕಾಯುವುದಿಲ್ಲ. ಎರಡನೇ ಬಗೆಯ ಡಿಅಯೋಡಿನೇಸ್ ಎಂಬ ಕಿಣ್ವವನ್ನು ಚಳಿಯಲ್ಲಿ ಹಲವು ಪಟ್ಟು ಹೆಚ್ಚಿಸಿಕೊಂಡು, ತನ್ನ ಕೋಶದೊಳಗೇ ಟಿ4ನಿಂದ ಟಿ3 ಮಾಡಿಕೊಳ್ಳುತ್ತದೆ. ಹೃದಯಕ್ಕಾಗಲಿ ಮೂಳೆಗಾಗಲಿ ಗೊತ್ತೇ ಆಗದಂತೆ ಇಲ್ಲಿ ಮಾತ್ರ ಥೈರಾಯ್ಡ್ ಜೋರು. ಈ ಕಿಣ್ವವಿಲ್ಲದ ಇಲಿಗಳು ಚಳಿಯಲ್ಲಿ ಮೈಬಿಸಿ ಉಳಿಸಿಕೊಳ್ಳಲು ಪರದಾಡುತ್ತವೆ.

ಇಷ್ಟೆಲ್ಲ ಆದರೂ ಪ್ರೋಟೀನ್ ನಿಧಾನವೇ. ಎಂಆರ್‌ಎನ್‌ಎ ಬೇಗ ಏರಿ ತುದಿ ಮುಟ್ಟುತ್ತದೆ, ಪ್ರೋಟೀನ್ ದಿನದಿನಕ್ಕೂ ಒಂದಿಷ್ಟು ಕೂಡುತ್ತಾ ವಾರಗಟ್ಟಲೆ ಏರುತ್ತದೆ. ಇಲ್ಲೊಂದು ಜಾಣತನವೂ ಇದೆ: ನಾರ್‌ಅಡ್ರಿನಲಿನ್ ಇರುವಷ್ಟು ಹೊತ್ತು ಯುಸಿಪಿ1 ಒಡೆದು ಹಾಳಾಗುವುದು ಕಡಿಮೆಯಾಗುತ್ತದೆ. ತಯಾರಿಕೆ ಹೆಚ್ಚು, ಹಾಳಾಗುವುದು ಕಡಿಮೆ. ಎರಡೂ ಸೇರಿ ದಾಸ್ತಾನು ಬೆಳೆಯುತ್ತದೆ.

---

ಪೊರೆಪಂಡಿತ:

ಕೋಶಕುತೂಹಲ ಮೇಡಂ ಚೆನ್ನಾಗಿ ಹೇಳಿದರು. ನಾನು ಒಂದು ಕಹಿ ಮಾತ್ರೆ ಸೇರಿಸುತ್ತೇನೆ: ಈ ಕ್ಷೇತ್ರದಲ್ಲಿ ಅರ್ಧ ಗೊಂದಲ ಹುಟ್ಟಿರುವುದು "ಇಷ್ಟು ಪಟ್ಟು" ಎಂಬ ಪದದಿಂದ.

ಕಾಲ್ಪನಿಕ ಲೆಕ್ಕ ನೋಡಿ. ತೊಡೆಸಂದಿನ ಬಿಳಿ ಕೊಬ್ಬಿನಲ್ಲಿ ಯುಸಿಪಿ1 ಮೊದಲು 1 ಇತ್ತು, ಚಳಿಗೆ 100 ಆಯಿತು. ಹೆಗಲ ನಡುವಿನ ಕಂದು ಕೊಬ್ಬಿನಲ್ಲಿ 5,000 ಇತ್ತು, 15,000 ಆಯಿತು. ಪ್ರಬಂಧದ ಶೀರ್ಷಿಕೆಗೆ ಏರುವುದು "ನೂರು ಪಟ್ಟು". ಶಾಖ ಕೊಡುವುದು ಬರೀ ಮೂರು ಪಟ್ಟಾದ ಇನ್ನೊಂದು. ಬಡವನ ಆದಾಯ ನೂರು ಪಟ್ಟಾದರೂ ಅವನು ಸಾಹುಕಾರನಾಗಲಿಲ್ಲ. ಬೇಜ್ ಕೋಶಗಳ (ಬಿಳಿ ಕೊಬ್ಬಿನ ನಡುವೆ ಚಳಿಗೆ ಕಂದಿನಂತಾಗುವ ಕೋಶಗಳು) ಸುದ್ದಿಯೆಲ್ಲ ಈ ಕಣ್ಣಿನಿಂದ ಇನ್ನೊಮ್ಮೆ ಓದಿ.

ಎಂಆರ್‌ಎನ್‌ಎ ಶಾಖ ಕೊಡುವುದಿಲ್ಲ, ಪ್ರೋಟೀನೂ ತಾನಾಗಿಯೇ ಕೊಡುವುದಿಲ್ಲ, ತೆರೆದ ಪ್ರೋಟೀನ್ ಮಾತ್ರ ಕೊಡುತ್ತದೆ. ಕಂದು ಕೊಬ್ಬಿನ ಸಂಶೋಧಕರಾದ ನೆಡರ್‌ಗಾರ್ಡ್ ಮತ್ತು ಕ್ಯಾನನ್ ಈ ಮಾತನ್ನು ಎಷ್ಟು ಸಲ ಬರೆದರೂ ಪ್ರಬಂಧಗಳಲ್ಲಿ ಎಂಆರ್‌ಎನ್‌ಎ ಅಳೆಯುವ ಪಿಸಿಆರ್ ಕಂಬಗಳ ಚಿತ್ರವೇ "ಶಾಖೋತ್ಪಾದನೆ" ಎಂಬ ಹೆಸರಿನಲ್ಲಿ ಅಚ್ಚಾಗುತ್ತಿದೆ.

ಇನ್ನು ಬ್ಲಾಟ್. ಪ್ರತಿ ಗುಂಡಿಗೂ ಇಷ್ಟು ಮೈಕ್ರೊಗ್ರಾಂ ಪ್ರೋಟೀನ್ ಎಂದು ಹಾಕುತ್ತೀರಲ್ಲ, ಅದು ಸಾಂದ್ರತೆ ಮಾತ್ರ. ಮೂರು ವಾರ ಚಳಿಯಲ್ಲಿಟ್ಟ ಇಲಿಯಲ್ಲಿ ಅಂಗಾಂಶವೇ ಬೆಳೆದಿರುತ್ತದೆ, ಅದರ ಒಟ್ಟು ಪ್ರೋಟೀನ್ ಏರಿರುತ್ತದೆ. ಮೈಕ್ರೊಗ್ರಾಂ ಲೆಕ್ಕದಲ್ಲಿ ಸ್ವಲ್ಪವೇ ಏರಿದಂತೆ ಕಂಡದ್ದು ಇಡೀ ತುಣುಕಿನ ಲೆಕ್ಕದಲ್ಲಿ ಹಲವು ಪಟ್ಟಾಗಿರಬಹುದು. ಉಲ್ಟಾ ಮೋಸವೂ ಇದೆ: ಮೊದಲ ದಿನ ಕೊಬ್ಬಿನ ಹನಿಗಳು ಕರಗಿ ತುಣುಕು ಹಗುರಾಗುತ್ತದೆ, ಆಗ ಮಿಲಿಗ್ರಾಂ ಲೆಕ್ಕ ಹಾಕಿದರೆ ಏನೂ ಹೊಸದಾಗಿ ಹುಟ್ಟದಿದ್ದರೂ ಏರಿಕೆ ಕಾಣುತ್ತದೆ. ಇಡೀ ತುಣುಕನ್ನು ತೂಗಿ, ಅದರ ಒಟ್ಟು ಪ್ರೋಟೀನ್ ಅಳೆದು, ಅದರಲ್ಲಿ ಯುಸಿಪಿ1 ಎಷ್ಟು ಎಂದು ಗುಣಿಸಿ.

ಮತ್ತೆ ನಿಮ್ಮ ಕಂಟ್ರೋಲ್, ಅಂದರೆ ಹೋಲಿಕೆಗಿಟ್ಟ ಗುಂಪು. 22 ಡಿಗ್ರಿ ನಮಗೆ ಹಿತ, ಅದೂ ಬಟ್ಟೆ ಹಾಕಿಕೊಂಡಾಗ. ಇಲಿಗೆ ಹಿತ ಸುಮಾರು 30 ಡಿಗ್ರಿ. ನಿಮ್ಮ "ಸಾಮಾನ್ಯ" ಇಲಿ ಹುಟ್ಟಿದಾಗಿನಿಂದ ಚಳಿಯಲ್ಲೇ ಇದೆ. ನೀವು ಹೋಲಿಸಿದ್ದು ಚಳಿಯನ್ನು ಇನ್ನೂ ಹೆಚ್ಚಿನ ಚಳಿಯೊಂದಿಗೆ.

---

ಚಳಿಯಿಲಿ:

ಓ. ಇದು ಯಾರೂ ಹೇಳಿರಲಿಲ್ಲ. ಒಂದೂವರೆ ವರ್ಷದ ಕಂಟ್ರೋಲ್‌ಗಳೆಲ್ಲ 22 ಡಿಗ್ರಿಯವೇ. ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

---

ಬಿಸಿನೆತ್ತರು ಬರೆದದ್ದು:

ಕ್ಷಮಿಸಿ, ನೀವೆಲ್ಲ ಯುಸಿಪಿ1 ಭಜನೆ ಜಾಸ್ತಿ ಮಾಡುತ್ತಿದ್ದೀರಿ. 1997ರಲ್ಲಿ ಆ ಜೀನೇ ಇಲ್ಲದ ಇಲಿ ಮಾಡಿದರು. ಬೊಜ್ಜು ಬರಲಿಲ್ಲ. ನಿಧಾನವಾಗಿ ಒಗ್ಗಿಸಿದರೆ 4 ಡಿಗ್ರಿಯಲ್ಲೂ ಬದುಕುತ್ತವೆ. 2015ರಲ್ಲಿ ಕ್ರಿಯೇಟಿನ್‌ಗೆ ಫಾಸ್ಫೇಟ್ ಅಂಟಿಸಿ ಬಿಡಿಸುತ್ತಾ ಎಟಿಪಿ ಸುಡುವ ಕ್ರಿಯೇಟಿನ್ ಚಕ್ರ ಬಂತು, 2017ರಲ್ಲಿ ಬೇಜ್ ಕೊಬ್ಬಿನ ಕ್ಯಾಲ್ಸಿಯಂ ಚಕ್ರ ಬಂತು. ಕ್ಯಾಲ್ಸಿಯಂ ಅನ್ನು ಸುಮ್ಮನೆ ಒಳಗೆ ಹೊರಗೆ ಪಂಪ್ ಮಾಡುತ್ತಾ ಎಟಿಪಿ ಸುಟ್ಟು ಶಾಖ. ತೂಬೊಂದೇ ದಾರಿಯಲ್ಲ.

---

ಪೊರೆಪಂಡಿತ:

ಬದುಕುತ್ತವೆ, ನಿಜ. ಹೇಗೆ ಬದುಕುತ್ತವೆ ಎಂದು ನೋಡಿದಿರಾ? ನೇರವಾಗಿ ಚಳಿಗೆ ಹಾಕಿದರೆ ಮೈಬಿಸಿ ಕುಸಿಯುತ್ತದೆ. ಮೊದಲು 18 ಡಿಗ್ರಿಯಲ್ಲಿ ಕೆಲವು ವಾರ ಇಟ್ಟು ಆಮೇಲೆ 4ಕ್ಕೆ ಇಳಿಸಿದರೆ ತಾಳಿಕೊಳ್ಳುತ್ತವೆ. 2001ರಲ್ಲಿ ಗೊಲೊಜೂಬೊವಾ ಮತ್ತು ಸಂಗಡಿಗರು ಅಂಥ ಇಲಿಗಳ ಸ್ನಾಯುವಿನ ವಿದ್ಯುತ್ ಸಂಕೇತ ಅಳೆದರು. ಸಾಮಾನ್ಯ ಇಲಿಗಳಲ್ಲಿ ವಾರಗಳು ಕಳೆದಂತೆ ನಡುಕ ಇಳಿಯಿತು. ಯುಸಿಪಿ1 ಇಲ್ಲದವು ಮೊದಲ ದಿನದಷ್ಟೇ ಜೋರಾಗಿ ನಡುಗುತ್ತಲೇ ಇದ್ದವು. ಒಗ್ಗಿದ್ದು ಕೊಬ್ಬಲ್ಲ, ಸ್ನಾಯು. ಬೇರೆ ದಾರಿ ಅಷ್ಟು ದೊಡ್ಡದಾಗಿದ್ದರೆ ಆ ಬಡಪಾಯಿಗಳು ಹಗಲೂ ರಾತ್ರಿ ಯಾಕೆ ನಡುಗಬೇಕಿತ್ತು?

ಬೊಜ್ಜಿನ ಮಾತೂ ಅಷ್ಟೇ. 2009ರಲ್ಲಿ ಅದೇ ಬಗೆಯ ಇಲಿಗಳನ್ನು 30 ಡಿಗ್ರಿಯ ಹಿತದಲ್ಲಿ ಸಾಕಿದಾಗ ಬೊಜ್ಜು ಬಂತು. ಅದಕ್ಕೆ ಮೊದಲು ಸಾಧಾರಣ ಕೋಣೆಯ ಚಳಿಯೇ ಅವನ್ನು ಸಣ್ಣಗಿಟ್ಟಿತ್ತು.

---

ಬಿಸಿನೆತ್ತರು:

ನಡುಕದ ವಾದ ಒಪ್ಪುತ್ತೇನೆ, ಚೆನ್ನಾಗಿದೆ. ಆದರೂ ಕ್ರಿಯೇಟಿನ್ ಕೆಲಸವನ್ನು ಸೊನ್ನೆ ಎನ್ನಬೇಡಿ. ಯುಸಿಪಿ1 ವಿರಳವಾಗಿರುವ ಬೇಜ್ ಕೋಶಕ್ಕೆ ಎಟಿಪಿ ಸುಡುವ ದಾರಿ ಬೇಕೇ ಬೇಕು.

---

ಪೊರೆಪಂಡಿತ:

ಸೊನ್ನೆ ಅನ್ನಲಿಲ್ಲ. ಎಷ್ಟು ವ್ಯಾಟ್ ಎಂದು ಕೇಳುತ್ತಿದ್ದೇನೆ. ಗಿರಣಿಯೇ ಕಡಿಮೆ ಇರುವ ಕಂದು ಕೋಶದಲ್ಲಂತೂ ಎಟಿಪಿ ಸುಟ್ಟು ಶಾಖ ತೆಗೆಯುವುದಕ್ಕೆ ಮಿತಿ ಬೇಗ ಬರುತ್ತದೆ.

---

ತಣ್ಣೀರುಸ್ನಾನ ಬರೆದದ್ದು:

ಗುರುಗಳೇ, ನಾನು ಸಾಮಾನ್ಯ ಓದುಗ. ಎರಡು ತಿಂಗಳಿಂದ ತಣ್ಣೀರು ಸ್ನಾನ ಮಾಡುತ್ತಿದ್ದೇನೆ. ಮೊದಲು ಹಲ್ಲು ಕಟಕಟ ಅನ್ನುತ್ತಿತ್ತು, ಈಗಿಲ್ಲ. ನನ್ನ ಕಂದು ಕೊಬ್ಬು ಬೆಳೆದಿದೆ ಅಂತಲೇ? ತೂಕ ಮಾತ್ರ ಒಂದು ಗ್ರಾಂ ಇಳಿದಿಲ್ಲ.

---

ಕೋಶಕುತೂಹಲ:

ಹಲ್ಲು ಕಡಿಯುವುದು ನಿಂತದ್ದಕ್ಕೆ ಹಲವು ಕಾರಣಗಳಿರಬಹುದು ಅಣ್ಣ. ಚರ್ಮ, ನರ, ಮನಸ್ಸು ಎಲ್ಲವೂ ಒಗ್ಗುತ್ತವೆ. ಕೆಲವೇ ನಿಮಿಷದ ಸ್ನಾನಕ್ಕೂ ಗಂಟೆಗಟ್ಟಲೆ ಚಳಿಗೂ ಅಜಗಜಾಂತರ.

ದೊಡ್ಡವರಲ್ಲಿ ಕ್ರಿಯಾಶೀಲ ಕಂದು ಕೊಬ್ಬು ಇದೆಯೆಂದು ಖಚಿತವಾದದ್ದು 2009ರಲ್ಲಿ, ಒಂದೇ ಪತ್ರಿಕೆಯಲ್ಲಿ ಒಟ್ಟಿಗೆ ಬಂದ ಮೂರು ಅಧ್ಯಯನಗಳಿಂದ. ಕುತ್ತಿಗೆ, ಕೊರಳೆಲುಬಿನ ಮೇಲ್ಭಾಗ, ಬೆನ್ನುಮೂಳೆಯ ಅಕ್ಕಪಕ್ಕ. ಆಮೇಲೆ ಒಗ್ಗಿಸುವ ಪ್ರಯೋಗಗಳು ಬಂದವು. 2013ರ ಒಂದರಲ್ಲಿ ದಿನಕ್ಕೆ ಆರು ಗಂಟೆಯಂತೆ ಹತ್ತು ದಿನ 15–16 ಡಿಗ್ರಿಯಲ್ಲಿ ಕೂರಿಸಿದರು: ಕಂದು ಕೊಬ್ಬಿನ ಚಟುವಟಿಕೆ ಏರಿತು, ನಡುಕ ಇಳಿಯಿತು. ಅದೇ ವರ್ಷದ ಇನ್ನೊಂದರಲ್ಲಿ 17 ಡಿಗ್ರಿಯಲ್ಲಿ ದಿನಕ್ಕೆ ಎರಡು ಗಂಟೆ, ಆರು ವಾರ. ಅದರಲ್ಲಿ ದೇಹದ ಕೊಬ್ಬೂ ಸ್ವಲ್ಪ ಇಳಿಯಿತು. ಭಾಗವಹಿಸಿದವರು ಕೆಲವೇ ಯುವಜನರು ಎಂಬುದನ್ನು ಮರೆಯಬೇಡಿ.

ಇನ್ನೊಂದು ಎಚ್ಚರ: ಮನುಷ್ಯರ ಕಂದು ಕೊಬ್ಬು ನೋಡಲು ಮಾಡುವ ಸ್ಕ್ಯಾನ್‌ಗಳು ಬಹುತೇಕ ಅಳೆಯುವುದು ಗ್ಲೂಕೋಸ್ ಹೀರಿಕೆಯನ್ನು, ಶಾಖವನ್ನಲ್ಲ. ಕಂದು ಕೊಬ್ಬಿನ ಮುಖ್ಯ ಸೌದೆ ಕೊಬ್ಬಿನಾಮ್ಲ. ಒಲೆಗೆ ಎಷ್ಟು ಕಾಗದ ಹಾಕಿದರೆಂದು ಎಣಿಸಿ ಬೆಂಕಿ ಎಷ್ಟೆಂದು ಊಹಿಸಿದ ಹಾಗೆ.

---

ತಣ್ಣೀರುಸ್ನಾನ:

ಹಾಗಾದರೆ ಚಳಿಯಿಲ್ಲದೆ ಮಾತ್ರೆ ನುಂಗಿದರೆ ಆಗುವುದಿಲ್ಲವೇ? ಬೀಟಾ-3 ತಟ್ಟುವ ಔಷಧ ಇದೆಯಂತಲ್ಲ.

---

ಶಿಶುವೈದ್ಯೆ ಬರೆದದ್ದು:

ದಯವಿಟ್ಟು ಬೇಡ. ನೀವು ಹೇಳುತ್ತಿರುವುದು ಮಿರಾಬೆಗ್ರಾನ್. ಅದು ಮೂತ್ರಕೋಶದ ತೊಂದರೆಗೆ ಕೊಡುವ ಔಷಧ. 2015ರ ಅಧ್ಯಯನದಲ್ಲಿ 200 ಮಿಲಿಗ್ರಾಂ ಕೊಟ್ಟಾಗ ಕಂದು ಕೊಬ್ಬು ಎಚ್ಚರಗೊಂಡಿತು, ಜೊತೆಗೆ ಹೃದಯದ ಬಡಿತವೂ ಏರಿತು. ಮೂತ್ರಕೋಶಕ್ಕೆ ಕೊಡುವ ಪ್ರಮಾಣ 25 ಅಥವಾ 50. ಮನುಷ್ಯರ ಕಂದು ಕೋಶದಲ್ಲಿ ನಿಜವಾಗಿ ಕೆಲಸ ಮಾಡುವುದು ಬೀಟಾ-2 ಗ್ರಾಹಕ ಎಂದು 2020ರಲ್ಲಿ ಒಂದು ತಂಡ ವಾದಿಸಿದೆ. ಇಲಿಯ ಪಾಠವನ್ನು ಹಾಗೇ ಮನುಷ್ಯರಿಗೆ ಇಳಿಸಲಾಗದು.

ನನ್ನ ಕೆಲಸ ನವಜಾತ ಶಿಶುಗಳ ಜೊತೆ. ಅಲ್ಲಿ ಕಂದು ಕೊಬ್ಬು ಪಠ್ಯದ ವಿಷಯವಲ್ಲ, ದಿನದ ಚಿಂತೆ. ಹಸುಗೂಸು ದೊಡ್ಡವರಂತೆ ನಡುಗುವುದಿಲ್ಲ. ಬೆನ್ನಿನ ಮೇಲ್ಭಾಗ, ಕುತ್ತಿಗೆ, ಮೂತ್ರಪಿಂಡದ ಸುತ್ತ ಇರುವ ಕಂದು ಕೊಬ್ಬೇ ಅದರ ಹೀಟರ್. ಅವಧಿಗೆ ಮುಂಚೆ ಹುಟ್ಟಿದ ಕೂಸಿನಲ್ಲಿ ಆ ದಾಸ್ತಾನೇ ಕಡಿಮೆ. ಇಂಧನ ಉರಿಸುವ ಈ ಹೀಟರಿಗೆ ಆಮ್ಲಜನಕ ಬೇಕು. ಉಸಿರಾಟದ ತೊಂದರೆಯಿರುವ ಕೂಸಿಗೆ ಚಳಿ ತಗಲಿದರೆ ಎರಡು ಕಡೆಯಿಂದ ಪೆಟ್ಟು: ಶಾಖಕ್ಕಾಗಿ ಆಮ್ಲಜನಕ ಖರ್ಚು, ಆಮ್ಲಜನಕ ಸಾಲದೆ ಶಾಖವೂ ಕಡಿಮೆ. ಒರೆಸಿ, ಟೋಪಿ ಹಾಕಿ, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಇಡಿ ಎಂದು ನಾವು ಬಡಕೊಳ್ಳುವುದು ಇದಕ್ಕೇ.

ಇನ್ನೊಂದು, ಪ್ರಯೋಗ ಮಾಡುವವರಿಗೆ ಉಪಯೋಗವಾದೀತು. ಹ್ಯಾಲೋಥೇನ್‌ನಂಥ ಆವಿಯಾಗುವ ಅರಿವಳಿಕೆಗಳು ಕಂದು ಕೋಶದ ಶಾಖೋತ್ಪಾದನೆಯನ್ನೇ ತಡೆಯುತ್ತವೆ.

---

ನಿರ್ವಾಹಕ:

ಔಷಧದ ಪ್ರಮಾಣ, ಸ್ವಯಂಚಿಕಿತ್ಸೆ ಕುರಿತ ಚರ್ಚೆ ಇಲ್ಲಿಗೆ ಸಾಕು. ಮೂಲ ಪ್ರಶ್ನೆಗೆ ಬನ್ನಿ.

---

ಹಳೆಬೇರು ಬರೆದದ್ದು:

ಮೂಲ ಪ್ರಶ್ನೆಯಿಂದ ಇನ್ನಷ್ಟು ದೂರ ಎಳೆಯುತ್ತೇನೆ, ನಿರ್ವಾಹಕರು ಬೈಯಬಾರದು. ಇಷ್ಟು ಬೆಲೆಬಾಳುವ ಪ್ರೋಟೀನನ್ನು ಕೆಲವು ಪ್ರಾಣಿಗಳು ಕಳೆದುಕೊಂಡಿವೆ. ಹಂದಿಯ ವಂಶದಲ್ಲಿ ಸುಮಾರು 2 ಕೋಟಿ ವರ್ಷಗಳ ಹಿಂದೆ ಯುಸಿಪಿ1 ಜೀನ್ ಮುರಿದುಬಿತ್ತು. ಹಂದಿಮರಿ ನಡುಗಿ, ಒಂದಕ್ಕೊಂದು ಅಂಟಿಕೊಂಡು, ತಾಯಿ ಕಟ್ಟಿದ ಗೂಡಿನಲ್ಲಿ ಬೆಚ್ಚಗಿರಬೇಕು. 2017ರಲ್ಲಿ ಇಲಿಯ ಯುಸಿಪಿ1 ಸೇರಿಸಿದ ಹಂದಿಗಳನ್ನು ಮಾಡಿದಾಗ ಅವು ಚಳಿಯನ್ನು ಚೆನ್ನಾಗಿ ತಡೆದವು, ಕೊಬ್ಬೂ ಕಡಿಮೆ ಇತ್ತು. ಆನೆ, ಕುದುರೆ, ತಿಮಿಂಗಿಲಗಳ ಸಾಲುಗಳೂ ಇದನ್ನು ಬೇರೆ ಬೇರೆಯಾಗಿಯೇ ಕಳೆದುಕೊಂಡಿವೆ. ಮೈ ದೊಡ್ಡದಾದರೆ ಶಾಖ ಸೋರುವುದು ಕಡಿಮೆ, ಹೀಟರಿನ ಹಂಗೂ ಕಡಿಮೆ.

ತಮಾಷೆಯೆಂದರೆ ಮೀನಿಗೂ ಇದೇ ಜೀನಿನ ಸೋದರಿ ಇದೆ. ಕಾರ್ಪ್ ಮೀನಿನ ಯಕೃತ್ತಿನಲ್ಲಿ ಚಳಿಗೆ ಅದು ಏರುವುದಿಲ್ಲ, ಇಳಿಯುತ್ತದೆ! ಶಾಖ ಕೊಡುವುದು ಈ ಪ್ರೋಟೀನಿನ ಹುಟ್ಟುಗುಣವಲ್ಲ, ಸಸ್ತನಿಗಳು ಆಮೇಲೆ ಕಲಿಸಿದ ಕಸುಬು.

---

ಕೋಶಕುತೂಹಲ:

ಕಾರ್ಪ್ ವಿಷಯ ಮರೆತೇಹೋಗಿತ್ತು, ಧನ್ಯವಾದ.

ಚಳಿಯಿಲಿ, ನೀನು ಮರಳುವಷ್ಟರಲ್ಲಿ ಇನ್ನೆರಡು ಎಳೆ ಇಟ್ಟಿರುತ್ತೇನೆ. ಪೊರೆಪಂಡಿತರು "ಕೀಲಿ ಕೊಬ್ಬಿನಾಮ್ಲ" ಅಂದರಲ್ಲ, ಆ ಕೊಬ್ಬಿನಾಮ್ಲ ಕಂದು ಕೋಶದ ಒಳಗಿನ ಹನಿಯಿಂದಲೇ ಬರಬೇಕು ಎಂದು ಎಲ್ಲರೂ ನಂಬಿದ್ದೆವು. 2017ರಲ್ಲಿ ಎರಡು ತಂಡಗಳು ಕಂದು ಕೋಶದಲ್ಲಿ ಮಾತ್ರ ಹನಿ ಒಡೆಯುವ ವ್ಯವಸ್ಥೆಯನ್ನು ಕೆಡಿಸಿದವು. ಇಲಿಗಳು ಚಳಿಯನ್ನು ತಡೆದವು! ಬಿಳಿ ಕೊಬ್ಬು ರಕ್ತದ ಮೂಲಕ ಸೌದೆ ಕಳಿಸುತ್ತಿತ್ತು. ಬಿಳಿ ಕೊಬ್ಬಿನ ದಾರಿಯನ್ನೂ ಮುಚ್ಚಿ ಉಪವಾಸ ಹಾಕಿದರೆ ಮಾತ್ರ ಸೋತವು. ಸೌದೆ ಹೊರಗಿಂದ ಬಂದರೂ ಆದೀತು ಎಂದಾಯಿತು. ಕೀಲಿಯೂ ಹಾಗೇ ಹೊರಗಿಂದ ಬರುತ್ತದೆಯೇ ಎಂಬುದರ ಬಗ್ಗೆ ಈಗಲೂ ಬಿಸಿ ಚರ್ಚೆ ಇದೆ.

ಇನ್ನೊಂದು, ಹಿಂತಿರುಗುವ ದಾರಿ. ಚಳಿ ನಿಂತರೆ ಏನಾಗುತ್ತದೆ? ನರದ ಸದ್ದು ಅಡಗಿದ ಕೂಡಲೇ ತೂಬು ಮುಚ್ಚುತ್ತದೆ, ಎಂಆರ್‌ಎನ್‌ಎ ಬೇಗ ಕುಸಿಯುತ್ತದೆ. ಪ್ರೋಟೀನ್ ಮಾತ್ರ ನಿಧಾನವಾಗಿ ಕರಗುತ್ತದೆ. ಬೇಜ್ ಕೋಶಗಳಲ್ಲಿ ಮೈಟೊಕಾಂಡ್ರಿಯಗಳನ್ನೇ ಕೋಶ ಜೀರ್ಣಿಸಿಕೊಂಡು ಮತ್ತೆ ಬಿಳಿಯಾಗುತ್ತದೆ. 2016ರಲ್ಲಿ ಈ ಜೀರ್ಣಕ್ರಿಯೆ ತಡೆದಾಗ ಚಳಿಯಂಥ ಪ್ರಚೋದನೆ ಹೋದ ಮೇಲೂ ಅವು ಬೇಜ್ ಆಗಿಯೇ ಉಳಿದವು. ಅಂದರೆ ಈ ಕಡೆ ನೋಡಿದರೂ ಅದೇ ಕಥೆ, ಎಂಆರ್‌ಎನ್‌ಎ ಕಡಿಮೆ ಇದೆ ಎಂದು ಶಾಖದ ಸಾಮರ್ಥ್ಯವೂ ಕಡಿಮೆ ಎನ್ನಲಾಗದು.

---

ಬಿಸಿನೆತ್ತರು:

ಒಂದು ಸಣ್ಣ ಸೇರ್ಪಡೆ. ಬೀಗ-ಕೀಲಿ ಎರಡೇ ಎಂದೂ ಅಲ್ಲ. 2016ರಲ್ಲಿ ಚಳಿಯಲ್ಲಿ ಹುಟ್ಟುವ ಆಮ್ಲಜನಕದ ಉಗ್ರ ರೂಪಗಳು ಯುಸಿಪಿ1ರ 253ನೇ ಸ್ಥಾನದ ಸಿಸ್ಟೀನ್ ಎಂಬ ಅಮೈನೊ ಆಮ್ಲವನ್ನು ಮಾರ್ಪಡಿಸುತ್ತವೆ, ಅದು ಪ್ರೋಟೀನನ್ನು ಹೆಚ್ಚು ಸೂಕ್ಷ್ಮವಾಗಿಸುತ್ತದೆ ಎಂಬ ವರದಿ ಬಂತು. ನೋಡಿ, ನಾನೂ ಯುಸಿಪಿ1 ಭಜನೆಗೆ ಕೂತೆ.

---

ಪೊರೆಪಂಡಿತ:

ತಾಳ ಹಿಡಿದು ಬನ್ನಿ. 2023ರಲ್ಲಿ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಮನುಷ್ಯನ ಯುಸಿಪಿ1 ಆಕಾರ ಸಿಕ್ಕಿತು. ಒಳಗಿನ ಕುಹರದಲ್ಲಿ ನ್ಯೂಕ್ಲಿಯೊಟೈಡ್ ಹೇಗೆ ಸಿಕ್ಕಿಕೊಂಡು ಬೀಗ ಹಾಕುತ್ತದೆ ಎಂಬುದು ಕಣ್ಣಿಗೆ ಕಂಡಿತು. 1976ರಲ್ಲಿ ಚಳಿಗೆ ಒಗ್ಗಿದ ರ್‍ಯಾಟ್‌ನ ಜೆಲ್ ಮೇಲೆ ದಪ್ಪಗಾದ 32,000 ಅಣುತೂಕದ ಪಟ್ಟಿಯಾಗಿ ಕಂಡದ್ದು ಇಲ್ಲಿಗೆ ಬಂದಿದೆ. ಕೊಬ್ಬಿನಾಮ್ಲ ಪ್ರೋಟಾನನ್ನು ಹೊತ್ತು ದಾಟಿಸುತ್ತದೋ, ಬರೀ ಬೀಗ ಸಡಿಲಿಸುತ್ತದೋ ಎಂಬ ಜಗಳ ಮಾತ್ರ ಮುಗಿದಿಲ್ಲ.

---

ಚಳಿಯಿಲಿ:

ಮರಳಿ ಬಂದೆ. ಎಲ್ಲವನ್ನೂ ಎರಡೆರಡು ಸಲ ಓದಿದೆ. ಹೊಸ ಯೋಜನೆ ಹೀಗೆ ಹಾಕಿದ್ದೇನೆ, ತಪ್ಪಿದ್ದರೆ ತಿದ್ದಿ. ಇಲಿಗಳನ್ನು ಮೊದಲು 30 ಡಿಗ್ರಿಯಲ್ಲಿ ನಾಲ್ಕು ವಾರ ಇಡುತ್ತೇನೆ, ಹಳೆಯ ಯುಸಿಪಿ1 ಕರಗಲಿ ಎಂದು. ಆಮೇಲೆ ಒಂದು ಗುಂಪು ಅಲ್ಲೇ, ಉಳಿದವು 18ರ ಮೂಲಕ 4ಕ್ಕೆ. 4 ಡಿಗ್ರಿಯಲ್ಲಿ ಆರು ಗಂಟೆ, ಒಂದು ದಿನ, ಒಂದು ವಾರ, ನಾಲ್ಕು ವಾರ ಕಳೆದ ಮೇಲೆ ಇಡೀ ತುಣುಕು ತೂಗಿ, ಒಟ್ಟು ಪ್ರೋಟೀನ್ ಅಳೆದು, ತುಣುಕಿಗೆ ಎಷ್ಟು ಯುಸಿಪಿ1 ಎಂದು ಲೆಕ್ಕ. ಎಂಆರ್‌ಎನ್‌ಎಯೂ ಪಕ್ಕದಲ್ಲೇ ಇರುತ್ತದೆ, ಎರಡು ಗೆರೆಗಳು ಹೇಗೆ ಬೇರಾಗುತ್ತವೆಂದು ತೋರಿಸಲು. ಕೊನೆಗೆ ನಿಜವಾದ ಸಾಮರ್ಥ್ಯ ನೋಡಲು ನಾರ್‌ಅಡ್ರಿನಲಿನ್ ಚುಚ್ಚಿ ಆಮ್ಲಜನಕದ ಬಳಕೆ ಅಳೆಯುತ್ತೇನೆ.

---

ಪೊರೆಪಂಡಿತ:

ಎರಡು ತಿದ್ದುಪಡಿ. ಆರು ಗಂಟೆಯ ಗುಂಪನ್ನು 18ರ ಮೂಲಕ ತರಬೇಡಿ. ಅಲ್ಲಿದ್ದಾಗಲೇ ಒಗ್ಗಲು ಶುರುವಾಗಿರುತ್ತದೆ, ಅದು ಮೊದಲ ಆರು ಗಂಟೆ ಆಗುವುದಿಲ್ಲ. ನೇರ 30ರಿಂದ 4ಕ್ಕೆ ಹಾಕುವುದಾದರೆ ಪಕ್ಕದಲ್ಲೇ ಕೂತು ಮೈಬಿಸಿ ನೋಡುತ್ತಿರಿ, ಬಿದ್ದರೆ ತಕ್ಷಣ ಹೊರತೆಗೆಯಿರಿ. ಹಿತದಲ್ಲಿ ಬೆಳೆದ ಇಲಿಯ ದಾಸ್ತಾನು ಬರಿದಾಗಿರುತ್ತದೆ.

ಎರಡನೆಯದು, ಕೊನೆಯ ಅಳತೆ. ಎಚ್ಚರವಿರುವ ಇಲಿಗೆ ಚುಚ್ಚಿದರೆ ಗಾಬರಿಯಲ್ಲಿ ಓಡಾಡಿ ಆಮ್ಲಜನಕ ಕುಡಿಯುತ್ತದೆ, ಅದನ್ನೂ ಕಂದು ಕೊಬ್ಬಿನ ಖಾತೆಗೆ ಬರೆದುಬಿಡುತ್ತೀರಿ. ಮತ್ತು ತರಿಸಿ, ಹಿತವಾದ ತಾಪದಲ್ಲಿಟ್ಟು ಅಳೆಯಬೇಕು. ಯಾವ ಮತ್ತು ಎಂದು ಶಿಶುವೈದ್ಯೆ ಮೇಡಂ ಆಗಲೇ ಸೂಚನೆ ಕೊಟ್ಟಿದ್ದಾರೆ. ಆವಿಯ ಅರಿವಳಿಕೆ ಕೊಟ್ಟರೆ ಅಳೆಯಲು ಹೊರಟದ್ದನ್ನೇ ನೀವು ಮುಚ್ಚಿದಂತೆ. ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವುದು ಪೆಂಟೊಬಾರ್ಬಿಟಲ್.

---

ಚಳಿಯಿಲಿ:

ನಮ್ಮಲ್ಲಿರುವುದು ಆವಿಯ ಯಂತ್ರ ಒಂದೇ ಸರ್. ಪೆಂಟೊಬಾರ್ಬಿಟಲ್ ಬಳಸಬೇಕೆಂದರೆ ಪ್ರಾಣಿ ನೈತಿಕ ಸಮಿತಿಗೆ ತಿದ್ದುಪಡಿ ಅರ್ಜಿ ಹಾಕಬೇಕು. 30 ಡಿಗ್ರಿಯ ಕೋಣೆಗೂ ಸೇರಿಸಿ ಒಂದೇ ಅರ್ಜಿ ಬರೆಯಲು ಕೂತಿದ್ದೇನೆ. "ಕಾರಣ" ಎಂಬ ಕಲಂ ಮೂರೇ ಸಾಲು ಕೊಟ್ಟಿದ್ದಾರೆ.